ಅಪ್ಪನ ತಲೆ ಮೇಲೊಂದು ಹಿಂಡು

ಹೋದ ತಿಂಗಳು ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆಗೇನೂ ಆಗಲಿಲ್ಲ. ಆದರೂ ನಾನು, ಅಣ್ಣ, ಅಕ್ಕ ಫೋನಲ್ಲೇ ತೀರ್ಮಾನ ಮಾಡಿಬಿಟ್ಟೆವು: ಅಮ್ಮ ಹೋದಮೇಲೆ ಒಬ್ಬರೇ ಇದ್ದಿದ್ದು ಸಾಕು, ಬೆಂಗಳೂರಿಗೆ ಕರ್ಕೊಂಡು ಬರೋದು. ಹೇಳುವ ಕೆಲಸ ಕಿರಿಮಗನಾದ ನನಗೆ ಬಿತ್ತು.

ಸಂಜೆ ಇಬ್ಬರೂ ಕೆರೆ ಏರಿ ಮೇಲೆ ಹೊರಟೆವು. ಗಾಳಿ ಇರಲಿಲ್ಲ. ಬಗಲಲ್ಲಿ ಛತ್ರಿ ಇಟ್ಟುಕೊಂಡು ಮುಂದೆ ನಡೆಯುತ್ತಿದ್ದ ಅಪ್ಪನ ತಲೆ ಮೇಲೆ, ಹೊಗೆಯ ಕಂಬದ ಹಾಗೆ, ನೊರಜಿನ ಹಿಂಡು. ಅವರು ನಡೆದರೆ ಅದೂ ನಡೆಯುತ್ತೆ, ನಿಂತರೆ ನಿಲ್ಲುತ್ತೆ. ಟವೆಲ್ ಬೀಸಿದೆ. ಚದುರಿ, ಎರಡೇ ನಿಮಿಷಕ್ಕೆ ಮತ್ತೆ ಅಲ್ಲೇ.

"ಬಿಡ್ಲಾ, ಅವು ಕಚ್ಚಾಕಿಲ್ಲ," ಅಂದರು ಅಪ್ಪ.

ನಿಜ. ಸೊಳ್ಳೆ ಥರ ಕಂಡರೂ ಇವು ಬೇರೆ. ಎರಡೇ ರೆಕ್ಕೆಯ ನೊಣದ ಬಳಗದವು. ಕೆರೆಯ ಕೆಸರಲ್ಲಿ ಕೆಂಪು ಹುಳವಾಗಿ ಬೆಳೆದು, ರೆಕ್ಕೆ ಬಂದಮೇಲೆ ಕೆಲವೇ ದಿನ ಬದುಕುತ್ತವೆ. ಹಿಂಡಲ್ಲಿ ಹಾರೋದು ಹೆಚ್ಚುಕಮ್ಮಿ ಎಲ್ಲವೂ ಗಂಡು. ಹೆಣ್ಣೊಂದು ಒಳಬಂದರೆ ಅದರ ರೆಕ್ಕೆ ಸದ್ದನ್ನು ಗರಿಯಂಥ ಕುಡಿಮೀಸೆಯಲ್ಲೇ ಹಿಡಿಯುತ್ತವೆ. ದಿನವಿಡೀ ಸರ್ವರ್‌ಗಳ ಜತೆ ಏಗುವ ನನಗೆ ಬೆರಗಾಗಿದ್ದು ಬೇರೆ: ಈ ಗುಂಪಿಗೆ ಲೀಡರ್ ಅಂತ ಯಾರೂ ಇಲ್ಲ. ಕೆಳಗೆ ಎದ್ದು ಕಾಣುವ ಒಂದು ಗುರುತಿದ್ದರೆ ಸಾಕು. ಪೊದೆ, ಕಲ್ಲು, ಮನುಷ್ಯನ ತಲೆ, ಯಾವುದಾದರೂ ಸರಿ. ಆಫ್ರಿಕಾದಲ್ಲಿ ಮಲೇರಿಯಾ ಸೊಳ್ಳೆಗಳನ್ನು ಅಧ್ಯಯನ ಮಾಡುವವರು ನೆಲಕ್ಕೆ ಕಪ್ಪು ಬಟ್ಟೆ ಹಾಸಿ, ಅದರ ಮೇಲೆ ಅವು ಹಿಂಡು ಕಟ್ಟೋದನ್ನು ನೋಡಿದ್ದಾರೆ.

ನಾನೂ ನೋಡೇಬಿಡೋಣ ಅಂತ ಅಪ್ಪನನ್ನು ಹುಣಸೆಮರದ ಬುಡದಲ್ಲಿ ಕೂರಿಸಿ, ಅವರ ಕಪ್ಪು ಛತ್ರಿ ಬಿಚ್ಚಿ ಏರಿ ಮೇಲಿಟ್ಟೆ. ಹತ್ತು ನಿಮಿಷದಲ್ಲಿ ಛತ್ರಿ ಮೇಲೆ ಕಂಬ ಎದ್ದಿತು. ಮಡಚಿದೆ. ಸ್ವಲ್ಪ ಹೊತ್ತು ಅಲ್ಲೇ ತಡಕಾಡಿದವು. ಆಮೇಲೆ ಒಂದೊಂದೂ ಒಂದೊಂದು ಕಡೆ ಹೋದವು.

"ಪಾಪ, ದಿಕ್ಕೆಟ್ಟೋದ್ವು ಕಣ್ಲಾ," ಅಂದರು.

ಬೆಂಗಳೂರಲ್ಲಿ ನನ್ನ ಮನೆಗೂ ಅಣ್ಣನ ಮನೆಗೂ ಎಂಟೇ ಕಿಲೋಮೀಟರ್. ಹೋದ ವರ್ಷ ನಾವಲ್ಲಿ ಭೇಟಿಯಾಗಿದ್ದು ಒಂದು ಸಲ. ಯುಗಾದಿ, ಗೌರಿಹಬ್ಬ, ಅಮ್ಮನ ತಿಥಿ ಅಂತ ಊರಲ್ಲಿ ಸೇರಿದ್ದು ಆರು ಸಲ. ಅಪ್ಪನನ್ನ ಅಲ್ಲಿಂದ ಎಬ್ಬಿಸಿದರೆ ನಾವೆಲ್ಲಿ ಸೇರ್ತೀವಿ?

ಆ ಮಾತು ಬಾಯಿಗೆ ಬರಲಿಲ್ಲ. ಹಾಗಂತ ಬಿದ್ದ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬರೋಕೂ ಮನಸ್ಸಿಲ್ಲ. ಬೆಳಿಗ್ಗೆ ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿದೆ. ಬಸ್ಸಲ್ಲಿ ಕೂತು ಅಣ್ಣ, ಅಕ್ಕನಿಗೆ ಮೆಸೇಜ್ ಮಾಡಿದೆ: "ಪ್ರತಿ ತಿಂಗಳೂ ಒಬ್ಬೊಬ್ಬರು ಒಂದೊಂದು ವಾರ ಊರಲ್ಲಿದ್ದು ಕೆಲಸ ಮಾಡೋಣ. ಮೊದಲನೇ ವಾರ ನಂದು."

ಅಷ್ಟು ಸಾಕಾ, ಗೊತ್ತಿಲ್ಲ.