ದೀಪ ಹಚ್ಚಿದ ಮೇಲೆ ಹೆಪ್ಪು

ಡಾಕ್ಟರು ನನ್ನ ಹೊಟ್ಟೆಯನ್ನು ನಾಲ್ಕು ಕಡೆ ಅದುಮಿ, ಅದು ಗುಡುಗಿದ್ದನ್ನು ಆಲಿಸಿ, ‘ಒಳ್ಳೇ ಬ್ಯಾಕ್ಟೀರಿಯಾ ಎಲ್ಲ ಖಾಲಿ’ ಅಂದರು. ಹಲ್ಲುನೋವಿಗೆಂದು ನುಂಗಿದ ಆ್ಯಂಟಿಬಯೋಟಿಕ್ಕು ಹಲ್ಲಿನ ವೈರಿಗಳ ಜೊತೆಗೆ ಕರುಳಿನ ನೆಂಟರನ್ನೂ ಓಡಿಸಿತ್ತಂತೆ. ಐವತ್ತು ವರ್ಷ ಬಾಡಿಗೆ ಕೊಡದೆ ನನ್ನೊಳಗೆ ಸಂಸಾರ ಹೂಡಿದ್ದವರು ಇದ್ದರು ಅಂತ ನನಗೆ ತಿಳಿದದ್ದೇ ಅವರು ಮನೆ ಖಾಲಿ ಮಾಡಿದ ಮೇಲೆ. ‘ಸ್ವಲ್ಪ ದಿನ ಪ್ರೋಬಯೋಟಿಕ್ ಕುಡೀರಿ’ ಎಂದು ಚೀಟಿ ಗೀಚಿಕೊಟ್ಟರು.

ಅಂಗಡಿಯಲ್ಲಿ ಸಿಕ್ಕಿದ್ದು ಯಾಕುಲ್ಟ್. 65 ಮಿಲಿಲೀಟರಿನ ಬಾಟಲಿ. ನಮ್ಮಜ್ಜಿ ನೋಡಿದ್ದರೆ ಇದನ್ನು ಕಣ್ಣಿಗೆ ಬಿಡಬೇಕೋ ಕಿವಿಗೋ ಅಂತ ಕೇಳುತ್ತಿದ್ದಳು. ಜಪಾನಿನ ಮಿನೋರು ಶಿರೋಟಾ ಎಂಬ ವೈದ್ಯರು ಜಠರದ ಆಮ್ಲ ದಾಟಿ ಕರುಳಿಗೆ ಜೀವಂತವಾಗಿ ಮುಟ್ಟುವ ತಳಿಯೊಂದನ್ನು 1930ರಲ್ಲಿ ಬೆಳೆಸಿದರು. 1935ರಿಂದ ಅದು ಹಾಲಿನ ಪಾನೀಯವಾಗಿ ಮಾರಾಟವಾಗುತ್ತಿದೆ. ಒಂದು ಬಾಟಲಿಯಲ್ಲಿ 650 ಕೋಟಿ ಜೀವಿಗಳು. ಹೆಚ್ಚುಕಡಿಮೆ ಭೂಮಿಯ ಮೇಲಿನ ಮುಕ್ಕಾಲುಪಾಲು ಜನದಷ್ಟನ್ನು ಎರಡು ಗುಟುಕಿಗೆ ಮುಗಿಸಿ ಬಾಯಿ ಒರೆಸಿಕೊಳ್ಳಲು ಒಂಥರಾ ಸಂಕೋಚ. ಅದಕ್ಕಿಂತ ದೊಡ್ಡ ಸಂಕೋಚ ದುಡ್ಡಿನದು. ಗೆಂಡೆಹಳ್ಳಿಯಲ್ಲಿ ಹುಟ್ಟಿದವನು ಹುಳಿಹಾಲನ್ನು ದುಡ್ಡು ಕೊಟ್ಟು ಕೊಳ್ಳುವುದೆ?

ಮನೆಯಲ್ಲೇ ಮಾಡೋಣವೆಂದು ಹೊರಟೆ. ಆಫೀಸಿನ ಗೆಳೆಯರೊಬ್ಬರು ಕೆಫೀರಿನ ಕಾಳು ಕೊಟ್ಟರು. ಕಾಕಸಸ್ ಬೆಟ್ಟದ ಕಡೆಯ ಹುಳಿಹಾಲು ಅದು. ಮೊಸರಿಗೆ ಹೆಪ್ಪು ಇದ್ದ ಹಾಗೆ ಅದಕ್ಕೆ ಕಾಳು. ಬ್ಯಾಕ್ಟೀರಿಯಾ, ಈಸ್ಟು ಎರಡೂ ಒಂದೇ ಅಂಟಿನ ಗೂಡಿನಲ್ಲಿ ಕೂಡುಕುಟುಂಬ ಮಾಡಿಕೊಂಡಿರುವ, ಹೂಕೋಸಿನ ಚೂರಿನಂಥ ಬಿಳಿ ಕಾಳು. ಅದನ್ನು ಆ ಬೆಟ್ಟದ ಜನ ಹೊರಗಿನವರಿಗೆ ಕೊಡುತ್ತಿರಲಿಲ್ಲವಂತೆ. ಕಳೆದ ಶತಮಾನದ ಆರಂಭದಲ್ಲಿ ಇರಿನಾ ಸಖರೋವಾ ಎಂಬ ರಷ್ಯದ ತರುಣಿ ಕಾಳು ತರಲು ಹೋದಳು, ಅಲ್ಲಿನ ರಾಜಕುಮಾರ ಕಾಳು ಕೊಡುವ ಬದಲು ಅವಳನ್ನೇ ಹೊತ್ತುಕೊಂಡು ಹೋದ, ಕೊನೆಗೆ ಅವಳು ಪರಿಹಾರವಾಗಿ ಕಾಳನ್ನೇ ಕೇಳಿ ಪಡೆದಳು ಅಂತ ಕಥೆ ಹೇಳುತ್ತಾರೆ. ಒಂದು ಹೆಪ್ಪಿಗಾಗಿ ಇಷ್ಟೆಲ್ಲ! ಆ ಹುಡುಗಿ ಗೆಂಡೆಹಳ್ಳಿಗೆ ಬಂದಿದ್ದರೆ ಅಜ್ಜಿ ಒಂದು ಲೋಟ ಹೆಪ್ಪು ಕೊಟ್ಟು, ‘ಲೋಟ ಮರೀದೆ ತಂದ್ಕೊಡವ್ವ’ ಅನ್ನುತ್ತಿದ್ದಳು, ಅಷ್ಟೆ.

ಕೆಫೀರು ಸಾಕುವುದು ಹಸು ಸಾಕಿದ ಹಾಗೆ. ಭಾನುವಾರವಿಲ್ಲ, ಹಬ್ಬವಿಲ್ಲ, ದಿನಾ ಹೊಸ ಹಾಲು ಕಾಣಿಸಬೇಕು. ವ್ಯತ್ಯಾಸ ಇಷ್ಟೇ, ಈ ಹಸುವಿಗೆ ನಾವೇ ಹಾಲು ಕೊಡಬೇಕು. ಮೂರನೆಯ ವಾರ ನಾನು ಬುದ್ಧಿವಂತಿಕೆ ತೋರಿಸಿ, ಸೋಸಿದ ಕೆಫೀರನ್ನು ಬಿರಡೆ ಬಿಗಿದ ಗಾಜಿನ ಬಾಟಲಿಗೆ ತುಂಬಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಈಸ್ಟು ಉಸಿರಾಡುತ್ತದೆ, ಗಾಳಿ ಬಿಡುತ್ತದೆ ಅಂತ ಓದಿದ್ದೆ. ಬಿಟ್ಟ ಗಾಳಿ ಎಲ್ಲಿಗಾದರೂ ಹೋಗಬೇಕು ಅಂತ ಯೋಚಿಸಿರಲಿಲ್ಲ. ರಾತ್ರಿ ಎರಡು ಗಂಟೆಗೆ ಢಮಾರ್ ಅಂತು. ಸಿಲಿಂಡರ್ ಹೋಯಿತೆಂದು ಹೆಂಡತಿ ಹೊರಗೆ ಓಡಿದಳು. ದೀಪ ಹಾಕಿ ನೋಡಿದರೆ ಛಾವಣಿಯಿಂದ ಹುಳಿಹಾಲು ತೊಟ್ಟಿಕ್ಕುತ್ತಿದೆ. ಅವಳು ಒಳಗೆ ಬಂದು ಎರಡು ನಿಮಿಷ ನೋಡಿ, ‘ನಿಮ್ಮ ಹೊಟ್ಟೇಲಿ ಏನಾಗ್ತಿದೆ ಅಂತ ಈಗ ಗೊತ್ತಾಯ್ತು’ ಎಂದು ಮಲಗಲು ಹೋದಳು.

ನೆಲ ಒರೆಸುತ್ತ ಕೂತಾಗ ಆ ವಾಸನೆ ಎಲ್ಲಿಯದೆಂದು ನೆನಪಾಯಿತು. ನಮ್ಮೂರ ಮನೆಯ ನೆಲುವಿನದು.

ಆಷಾಢದ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಬಿಸಿಲು ಅನ್ನುವುದು ಪಂಚಾಂಗದಲ್ಲಿ ಮಾತ್ರ. ಕಾಫಿ ತೋಟದ ತಂಡಿ ಅಡುಗೆಮನೆಗೇ ಬಂದು ಕೂರುತ್ತಿತ್ತು. ಅಂಥ ದಿನಗಳಲ್ಲಿ ಹಾಲು ಹೆಪ್ಪಾಗುವುದೆಂದರೆ ಹೆರಿಗೆಯಷ್ಟು ಆತಂಕದ ವಿಷಯ. ಅಜ್ಜಿ ಕಾಸಿದ ಹಾಲಿಗೆ ಕಿರುಬೆರಳು ಅದ್ದಿ ಮನಸ್ಸಿನಲ್ಲೇ ಐದು ಎಣಿಸುವಳು. ಬೆರಳು ತಾನಾಗಿ ಹಿಂದೆ ಬಂದರೆ ಇನ್ನೂ ಬಿಸಿ. ಬೆರಳಿಗೆ ಏನೂ ಅನ್ನಿಸದಿದ್ದರೆ ಆರಿಹೋಯಿತು. ನಡುವೆ ಎಲ್ಲೋ ಒಂದು ಗಳಿಗೆ ಇತ್ತು, ಅದು ಅವಳ ಬೆರಳಿಗೆ ಮಾತ್ರ ಗೊತ್ತು. ಚಮಚದ ಬೆನ್ನಿಗೆ ಹೆಪ್ಪು ಸವರಿ ಹಾಲಿನಲ್ಲಿ ಕಲಸಿ, ಪಾತ್ರೆಯಿಂದ ಪಾತ್ರೆಗೆ ಎತ್ತೆತ್ತಿ ಹೊಯ್ದು, ನೊರೆ ಬಂದ ಮೇಲೆ ತಟ್ಟೆ ಮುಚ್ಚಿ, ಬೆಕ್ಕಿನ ಭಯಕ್ಕೆ ತಟ್ಟೆಯ ಮೇಲೆ ಗುಂಡುಕಲ್ಲು ಹೇರಿ, ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿ ಮಲಗಿಸುವಳು. ಹೊಸ ಕಂಬಳಿ ಮೊಸರಿಗೆ, ಹರಿದದ್ದು ನನಗೆ. ಆಮೇಲೆ ನಾವು ಅಡುಗೆಮನೆಯಲ್ಲಿ ಓಡಾಡುವ ಹಾಗಿಲ್ಲ. ‘ಅಲ್ಲಾಡಿಸ್ಬ್ಯಾಡ್ರೋ, ಈಗ್ತಾನೆ ಕಣ್ಣು ಹತ್ತೈತೆ’ ಎಂದು ಗದರುವಳು.

ಕಣ್ಣು ಹತ್ತುತ್ತಿತ್ತೋ ಇಲ್ಲವೋ, ಒಳಗೆ ಇರುಳಿಡೀ ಕೆಲಸ ನಡೆಯುತ್ತಿತ್ತು. ಹೆಪ್ಪಿನಲ್ಲಿರುವವರು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತಾರೆ, ಹುಳಿ ಏರಿದಂತೆ ಹಾಲಿನ ಕೇಸೀನು ಒಂದಕ್ಕೊಂದು ಕೈಹಿಡಿದು ಗಟ್ಟಿಯಾಗುತ್ತದೆ. ಬೆಳಗಿನ ಜಾವ ಕಡೆಗೋಲಿನ ಗೊಡಕ್ ಗೊಡಕ್. ಸದ್ದು ದಪ್ಪಗಾಗುವುದನ್ನು ಹಾಸಿಗೆಯಲ್ಲೇ ಕೇಳಿಸಿಕೊಂಡು ನಾನು ಎದ್ದು ಹೋಗಿ ಅಂಗೈ ಚಾಚುತ್ತಿದ್ದೆ. ದಪ್ಪಗಾಯಿತೆಂದರೆ ಬೆಣ್ಣೆ ಕೂಡಿತು ಅಂತ ಲೆಕ್ಕ.

ಎಷ್ಟು ಜೋಪಾನ ಮಾಡಿದರೂ ಹೆಪ್ಪು ಒಮ್ಮೊಮ್ಮೆ ಕೈಕೊಡುತ್ತಿತ್ತು. ಬೇಲೂರಿನ ಚೆನ್ನಕೇಶವನ ಗುಡಿ 1117ರಿಂದ ನಿಂತಿದೆ, ಕಲ್ಲಿಗೆ ಆ ಸೌಕರ್ಯ ಉಂಟು. ಹೆಪ್ಪನ್ನು ಎರಡು ದಿನ ಮರೆತರೆ ವಂಶ ನಿರ್ವಂಶ. ಆಗ ಲೋಟ ಹಿಡಿದು ನನ್ನ ಓಟ. ಮೂಲೆಮನೆಯ ಹೆಪ್ಪು ನೂಲು ನೂಲಾಗಿ ಎಳೆ ಬರುತ್ತಿತ್ತು. ಪಟೇಲರ ಮನೆಯದಕ್ಕೆ ವಿಪರೀತ ಹುಳಿ. ಮೇಷ್ಟ್ರ ಮನೆಯದು ಸಿಹಿ, ಆದರೆ ಅವರು ಚಮಚದಲ್ಲಿ ಅಳೆದು ಕೊಡುತ್ತಿದ್ದರು. ಯಾರ ಮನೆಯಲ್ಲೂ ಇಲ್ಲದ ದಿನ ಅಜ್ಜಿ ಒಣಮೆಣಸಿನಕಾಯಿಯ ತೊಟ್ಟುಗಳನ್ನು ಹಾಲಿಗೆ ಹಾಕಿಡುತ್ತಿದ್ದಳು. ಅದೂ ಹೆಪ್ಪಾಗುತ್ತಿತ್ತು. ಮೊದಲನೆಯ ದಿನದ್ದು ನಾಯಿಗೆ, ಎರಡನೆಯ ದಿನದ್ದು ನಮಗೆ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು: ಈ ಕೊಡುಕೊಳ್ಳುವಿಕೆ ನಮ್ಮ ಕೇರಿಯೊಳಗಿನದು. ಆಚೆ ಕೇರಿಯವರು ಬಂದರೆ ಅಜ್ಜಿ ಮಜ್ಜಿಗೆಯನ್ನು ಎತ್ತರದಿಂದ ಹೊಯ್ಯುತ್ತಿದ್ದಳು, ಹೆಪ್ಪು ಕೊಟ್ಟದ್ದು ನಾನು ಕಾಣೆ. ಕಾಕಸಸಿನವರನ್ನು ನೋಡಿ ನಾನು ನಗುವಂತಿಲ್ಲ.

ಇನ್ನೊಂದು ಕಟ್ಟಳೆ, ದೀಪ ಹಚ್ಚಿದ ಮೇಲೆ ಹಾಲುಮೊಸರು ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ. ಆದರೆ ಹೆಪ್ಪು ಬೇಕಾಗುವುದು ರಾತ್ರಿ ಹಾಲು ಆರಿದ ಮೇಲೆಯೇ ತಾನೆ? ಅಜ್ಜಿ ಇದಕ್ಕೆ ವಕೀಲರ ದಾರಿ ಹುಡುಕಿದ್ದಳು. ಲೋಟವನ್ನು ಜಗಲಿಯ ಕಂಬದ ಬುಡದಲ್ಲಿಟ್ಟು, ‘ನಾನೇನೂ ಕೊಡಾಕಿಲ್ಲ ಕಣೆ’ ಎಂದು ಕತ್ತಲಿಗೆ ಕೇಳುವ ಹಾಗೆ ಹೇಳಿ ಒಳಗೆ ಬರುತ್ತಿದ್ದಳು. ಅವಳು ಕೊಡಲಿಲ್ಲ, ಕೇಳಿ ಬಂದವರು ಇಸಿದುಕೊಳ್ಳಲಿಲ್ಲ, ಲಕ್ಷ್ಮಿಗೆ ಮಾತಾಡಲು ಜಾಗವೇ ಇಲ್ಲ.

ಆಮೇಲೆ ಊರೂರಿಗೆ ಡೈರಿ ಬಂತು. ಬೆಳಿಗ್ಗೆ ಕರೆದದ್ದು ಬೆಳಿಗ್ಗೆಯೇ ಕ್ಯಾನಿಗೆ, ದುಡ್ಡು ಕೈಗೆ. ಅದರಿಂದಲೇ ನಾನು ಹಾಸನದಲ್ಲಿ ಓದಿದ್ದು, ದೂರುವ ಬಾಯಿ ನನಗಿಲ್ಲ. ಕಡೆಗೋಲು ಮಾತ್ರ ಅಟ್ಟ ಸೇರಿತು.

ಕಟ್ಟುನಿಟ್ಟಾಗಿ ನೋಡಿದರೆ ಅಜ್ಜಿಯ ಮಜ್ಜಿಗೆ ಪ್ರೋಬಯೋಟಿಕ್ ಅಲ್ಲ. ಇಂಥದೇ ತಳಿ, ಇಷ್ಟೇ ಸಂಖ್ಯೆ, ಇಂಥ ಪ್ರಯೋಜನ ಅಂತ ತೋರಿಸಿದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಅವಳ ಪಾತ್ರೆಯಲ್ಲಿದ್ದವರ ಜನಗಣತಿ ಯಾರೂ ಮಾಡಲಿಲ್ಲ. ಮಾಡಿದ್ದರೂ ಹೆಸರು ನಿಲ್ಲುತ್ತಿರಲಿಲ್ಲ. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಎಂಬ ಒಂದೇ ಕುಲವನ್ನು ಅಣ್ಣತಮ್ಮಂದಿರ ಪಾಲಿನ ಹಾಗೆ 25 ಮಾಡಿದರು. ಹುಳಿಹಾಲು ಕುಡಿದರೆ ಮುಪ್ಪು ದೂರವೆಂದು ಬರೆದ ಮೆಚ್ನಿಕಾಫ್ 1908ರಲ್ಲಿ ನೊಬೆಲ್ ಪಡೆದರು, ಅದೂ ಬೇರೆ ಕೆಲಸಕ್ಕೆ. ದಿನಾ ಹುಳಿಹಾಲು ಕುಡಿದೂ 71ಕ್ಕೆ ಹೋದರು. ಅಜ್ಜಿ 89ರವರೆಗೆ ಇದ್ದಳು. ಇದರಿಂದ ಏನೂ ಸಾಬೀತಾಗುವುದಿಲ್ಲ ಅಂತ ನನಗೂ ಗೊತ್ತು, ಆದರೂ ಹೇಳಿದೆ.

ಕೆಫೀರು ಸಿಡಿದ ತಿಂಗಳೇ ಊರಿಗೆ ಹೋದೆ. ನಮ್ಮ ಮನೆಗೆ ಬೀಗ. ಮೂಲೆಮನೆಯ ಅಕ್ಕ ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಾಕಿಕೊಟ್ಟು, ‘ನಿಮ್ಮಜ್ಜಿ ಹೆಪ್ಪೇ ಕಣಪ್ಪ’ ಅಂದಳು. ನನ್ನ ಕಣ್ಣು ತುಂಬುವಷ್ಟರಲ್ಲಿ, ‘ಮಧ್ಯ ಎರಡು ಸಲ ಕೆಟ್ಟೋಯ್ತು, ಆಗ ಪ್ಯಾಕೆಟ್ ಮೊಸರು ಹಾಕಿದ್ದೆ’ ಎಂದು ಸೇರಿಸಿದಳು.

ಬೆಂಗಳೂರಿನವರೆಗೆ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಡಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಚನ್ನರಾಯಪಟ್ಟಣದವರೆಗೆ ಸುಮ್ಮನಿತ್ತು. ಕುಣಿಗಲ್ ದಾಟುವಾಗ ಮುಚ್ಚಳ ಎದ್ದು, ಪ್ಯಾಂಟು ಒದ್ದೆಯಾಗಿ, ಪಕ್ಕದವರು ನನ್ನ ವಯಸ್ಸನ್ನು ಲೆಕ್ಕ ಹಾಕಿ ಮೆಲ್ಲಗೆ ಕಿಟಕಿಯ ಕಡೆ ಸರಿದರು. ಮನೆ ಮುಟ್ಟಿದ್ದು ಎರಡು ಚಮಚ. ಕಿರುಬೆರಳು ಅದ್ದಿ ಐದು ಎಣಿಸಿ, ಹೆಂಡತಿಯ ಹಳೇ ಸ್ವೆಟರು ಸುತ್ತಿಟ್ಟೆ. ಬೆಳಿಗ್ಗೆ ಹೆಪ್ಪಾಗಿತ್ತು. ಹೊಟ್ಟೆಯೂ ನಿಧಾನಕ್ಕೆ ದಾರಿಗೆ ಬಂತು, ಮಜ್ಜಿಗೆಯಿಂದಲೋ ಹಲ್ಲು ಕಿತ್ತಿಸಿದ್ದರಿಂದಲೋ.

ಮೊನ್ನೆ ಸಂಜೆ ಏಳೂವರೆಗೆ ಎದುರು ಫ್ಲ್ಯಾಟಿನ ಬಿಹಾರದ ಹೆಂಗಸು ಬೆಲ್ ಒತ್ತಿ, ‘ಭೈಯ್ಯಾ, ಥೋಡಾ ಜಾಮನ್ ಮಿಲೇಗಾ?’ ಅಂದರು. ಜಾಮೂನು ಮಾಡಿಲ್ಲ ಅಂದೆ. ಅವರು ನಕ್ಕು, ಕೈಯಲ್ಲಿದ್ದ ಲೋಟ ತೋರಿಸಿ, ಹಾಲು ಹೊಯ್ಯುವ ಹಾಗೆ, ಮುಚ್ಚಿಡುವ ಹಾಗೆ ಅಭಿನಯಿಸಿದರು. ಮೂರು ವರ್ಷದಲ್ಲಿ ಅವರು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಹಿಂದೆ ತಿರುಗಿ ನೋಡಿದೆ. ದೇವರ ಗೂಡಿನಲ್ಲಿ ಹೆಂಡತಿ ದೀಪ ಹಚ್ಚಿಯಾಗಿತ್ತು.

ಲೋಟ ಇಸಿದುಕೊಂಡು ಒಳಗೆ ಹೋಗಿ ಎರಡು ಚಮಚ ಹಾಕಿ ತಂದೆ. ಅವರು ಕೈ ಚಾಚಿದರು. ನಾನು ಅವರನ್ನು ದಾಟಿ ಹೋಗಿ, ಲಿಫ್ಟಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಲೋಟ ಇಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಬಾಗಿಲ ತೂತಿನಲ್ಲಿ ಕಣ್ಣಿಟ್ಟೆ. ಆಕೆ ಬಾಗಿಲನ್ನೊಮ್ಮೆ, ಲೋಟವನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಹೋಗಿ ಎತ್ತಿಕೊಂಡರು.