‘ಇದ್ರಿಂದ ವಾಸಿ ಆಯ್ತದಾ, ಸಿಸ್ಟರ್?’

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ನಾನು ನರ್ಸ್ ಆಗಿ ಸೇರಿದ ಕಾಲದಲ್ಲಿ ಚನ್ನಪಟ್ಟಣ, ಕನಕಪುರದ ಕಡೆಯಿಂದ ಬರುತ್ತಿದ್ದವರಲ್ಲಿ ಬಾಯಿ, ಗಂಟಲಿನ ಹುಣ್ಣಿನವರೇ ಬಹಳ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರು, ಬೀಡಿ ಸೇದುವ ಗಂಡಸರು. ರಾಮನಗರದಲ್ಲಿ ರೇಷ್ಮೆಗೂಡು ಮಾರಿ, ಆ ದುಡ್ಡು ಹಿಡಿದು ಬರುವಷ್ಟರಲ್ಲಿ ರೋಗ ಕತ್ತಿಗೆ ಇಳಿದಿರುತ್ತಿತ್ತು. ಕಿಮೋ, ಕರೆಂಟು (ರೇಡಿಯೇಷನ್) ಎಲ್ಲ ಮುಗಿದ ಮೇಲೆ ಕೆಲವರಿಗೆ ಡಾಕ್ಟರು ‘ಹೊಸ ಮದ್ದೊಂದಿದೆ’ ಎನ್ನುತ್ತಿದ್ದರು.

ಹಾಗೆಂದವರು ಮುಂದೆ ಇಡುತ್ತಿದ್ದುದು ಇಂಗ್ಲಿಷ್ ಕಾಗದ, ಕೆಳಗೆ ಹೆಬ್ಬೆಟ್ಟು. “ಇದ್ರಿಂದ ವಾಸಿ ಆಯ್ತದಾ, ಸಿಸ್ಟರ್?” ಎಂದು ಮಾಗಡಿ ಕಡೆಯ ಅಜ್ಜಿಯೊಬ್ಬರು ಕೇಳಿದ್ದರು. ಆ ಕಾಗದ ಹೊಸ ಮದ್ದಿನ ಮೊದಲ ಹಂತದ ಪ್ರಯೋಗದ್ದು. ಅದು ನಡೆಯುವುದು ವಾಸಿ ಮಾಡಲಿಕ್ಕಲ್ಲ, ಮೈ ಎಷ್ಟು ಡೋಸ್ ತಡೆದೀತು ಎಂದು ನೋಡಲಿಕ್ಕೆ. ಸಾಮಾನ್ಯವಾಗಿ ಮೂವರಿಗೆ ಕೊಟ್ಟು ಕಾಯುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಡೋಸ್ ಏರುತ್ತದೆ. ಒಬ್ಬರಿಗೆ ಆದರೆ ಅದೇ ಡೋಸನ್ನು ಇನ್ನೂ ಮೂವರಲ್ಲಿ ನೋಡುತ್ತಾರೆ. ಕೆಲವರ ಗಡ್ಡೆ ಕುಗ್ಗುವುದೂ ಉಂಟು, ಆದರೆ ಆ ಭರವಸೆ ಕೊಡುವ ಹಕ್ಕು ಯಾರಿಗೂ ಇಲ್ಲ. ಅಜ್ಜಿಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ.

ಪ್ರಯೋಗವೇ ಬೇಡ ಎನ್ನುವವಳು ನಾನಲ್ಲ. ಹವಾನಾದಲ್ಲಿ ಹುಟ್ಟಿದ ನಿಮೋಟುಜುಮಾಬ್ ಮದ್ದನ್ನು ಬಯೋಕಾನ್ 2006ರಲ್ಲಿ ಇಲ್ಲಿ ಮಾರುಕಟ್ಟೆಗೆ ತಂದಿತು. ಅದರ ಎರಡನೇ ಹಂತದ ಪರೀಕ್ಷೆಗೆ ಮೈಯೊಡ್ಡಿದ್ದು ನಮ್ಮ ದೇಶದ 92 ಮಂದಿ ತಲೆ–ಕತ್ತಿನ ಕ್ಯಾನ್ಸರ್ ರೋಗಿಗಳು.

ಔಷಧ ಪ್ರಯೋಗಗಳ ವಿಚಾರದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಗದರಿದ ಮೇಲೆ ಒಪ್ಪಿಗೆ ಪಡೆಯುವ ಕೋಣೆಗೆ ಕ್ಯಾಮೆರಾ ಬಂತು. ಕನ್ನಡದಲ್ಲೇ ವಿವರಿಸಬೇಕು, ಓದು ಬಾರದವರ ಪಕ್ಕದಲ್ಲಿ ಹೊರಗಿನ ಸಾಕ್ಷಿಯೊಬ್ಬರು ಕೂರಬೇಕು. ಮೊದಮೊದಲು ಕ್ಯಾಮೆರಾ ಕಂಡು ಜನ ಸೆರಗು, ಟವಲು ಸರಿಮಾಡಿಕೊಂಡು ಎಲ್ಲಕ್ಕೂ ‘ಹೂಂ’ ಎನ್ನುತ್ತಿದ್ದರು. ಆಗ ನಾವು, “ನಾ ಹೇಳಿದ್ದನ್ನ ನೀವೊಂದ್ಸಲ ಹೇಳಿ ಯಜಮಾನ್ರೇ” ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆವು. ಕನಕಪುರದ ರೈತರೊಬ್ಬರು ಎಲ್ಲವನ್ನೂ ತಿರುಗಿ ಹೇಳಿ, “ಬ್ಯಾಡ ಕಣವ್ವ, ಹುಳ ಹಣ್ಣಾಗೋ ಹೊತ್ತು, ಊರ್ಗೋಯ್ತೀನಿ” ಎಂದು ಎದ್ದರು. ಅವರ ನೋವಿನ ಮಾತ್ರೆಯಾಗಲಿ ಡ್ರೆಸಿಂಗ್ ಆಗಲಿ ನಿಲ್ಲಲಿಲ್ಲ. ಆ ಕೋಣೆಯಲ್ಲಿ ‘ಬ್ಯಾಡ’ ಎಂಬ ಮಾತು ಕೇಳಿಬಂದದ್ದೇ ನಾನು ಕಂಡ ದೊಡ್ಡ ಬದಲಾವಣೆ.

ನಿಮ್ಮ ಮನೆಯವರಿಗೆ ಯಾರಾದರೂ ಟ್ರಯಲ್ ಎಂದರೆ, ಯಾವ ಹಂತದ್ದು ಎಂದು ಮೊದಲು ಕೇಳಿ. ಕನ್ನಡದ ಕಾಗದ ಪಡೆದು ಮನೆಯಲ್ಲಿ ಕೂತು ಓದಿಸಿ. ಪ್ರಯೋಗದ ನೋಂದಣಿ 2009ರಿಂದ ಕಡ್ಡಾಯ. ಆ ಸಂಖ್ಯೆಯನ್ನೂ ಕೇಳಿ. ಪ್ರಯೋಗದಿಂದಲೇ ಸಾವು ಸಂಭವಿಸಿದರೆ ಪರಿಹಾರ ಕೊಡಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳು ಹೇಳುತ್ತವೆ. ಸಹಿ ಹಾಕಿದ ಮೇಲೂ ಯಾವ ದಿನ ಬೇಕಾದರೂ ಬೇಡವೆಂದು ಎದ್ದು ಬರಬಹುದು.