ನೋವು ಹೇಳದ ಯಕೃತ್ತು

‘ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ನಿಮ್ಮಲ್ಲಿ ಎಷ್ಟೋ ಮಂದಿಗೆ ನಾನು ಹೇಳಿದ್ದುಂಟು. ಆದರೆ ಕಣ್ಣು ಹಳದಿಯಾಗದೆಯೇ ಇಪ್ಪತ್ತು ಮೂವತ್ತು ವರ್ಷ ಯಕೃತ್ತನ್ನು ಸವೆಸುವ ರೋಗವೊಂದಿದೆ. ಅದೇ ಹೆಪಟೈಟಿಸ್ ಸಿ. ಕೊನೆಗೆ ಅದು ಸಿರೋಸಿಸ್ಸಿಗೋ ಕ್ಯಾನ್ಸರಿಗೋ ಒಯ್ಯಬಹುದು.

ನನ್ನ ಸಹೋದ್ಯೋಗಿಯಾಗಿದ್ದ ಗಣಿತದ ಮೇಷ್ಟರೊಬ್ಬರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ರಕ್ತಪರೀಕ್ಷೆಯಲ್ಲಿ ಇದು ಪತ್ತೆಯಾಯಿತು. ಎಂದೂ ಮದ್ಯ ಮುಟ್ಟದ ಅವರು ಲಜ್ಜೆಯಿಂದ ಕುಗ್ಗಿಹೋದರು. ಮನೆಯಲ್ಲಿ ಅವರ ತಟ್ಟೆ ಲೋಟಗಳು ಬೇರೆಯಾದವು. ಮೊಮ್ಮಗಳನ್ನು ಎತ್ತಿಕೊಳ್ಳುವುದೂ ನಿಂತಿತು. ಇದೆಲ್ಲ ಅನಗತ್ಯವಾಗಿತ್ತು. ಈ ವೈರಸ್ಸು ಹರಡುವುದು ಮುಖ್ಯವಾಗಿ ರಕ್ತದ ಮೂಲಕ. ಸಹಪಂಕ್ತಿ ಭೋಜನದಿಂದಾಗಲಿ, ಕೆಮ್ಮಿನಿಂದಾಗಲಿ, ಅಪ್ಪುಗೆಯಿಂದಾಗಲಿ ಅದು ಅಂಟುವುದಿಲ್ಲ.

ನಮ್ಮ ತಲೆಮಾರಿಗೆ ಇದು ತಗಲುವ ದಾರಿಗಳು ಹಲವಿದ್ದವು. ಒಂದೇ ಗಾಜಿನ ಸಿರಿಂಜನ್ನು ಕುದಿಸಿ ಊರಿಗೆಲ್ಲ ಚುಚ್ಚುತ್ತಿದ್ದ ಕಾಲ ಅದು. ಕುದಿಸುವುದೂ ಅವಸರದಲ್ಲಿ ಅರೆಬರೆ. ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಲವರಿಗೆ ಹಚ್ಚೆ, ಕ್ಷೌರದಂಗಡಿಯಲ್ಲಿ ಒಂದೇ ಕತ್ತಿ. ಈ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಅದರ ಸಂಶೋಧನೆಗಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅದಕ್ಕೂ ಮೊದಲು ದಾನಿಯ ರಕ್ತದಲ್ಲಿ ಇದನ್ನು ಹುಡುಕುವ ಉಪಾಯವೇ ಇರಲಿಲ್ಲ. ರೋಗಿಯ ನಡತೆಯನ್ನು ಶಂಕಿಸುವವರು ಈ ಇತಿಹಾಸವನ್ನು ನೆನೆಯಬೇಕು.

ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ಪ್ರತಿಕಾಯವನ್ನು ಹುಡುಕುತ್ತದೆ; ಎಂದೋ ಸೋಂಕು ತಗಲಿ ತಾನಾಗಿ ವಾಸಿಯಾಗಿದ್ದರೂ ಅದು ‘ಪಾಸಿಟಿವ್’ ಎನ್ನುತ್ತದೆ. ವೈರಸ್ಸು ಈಗಲೂ ಇದೆಯೇ ಎಂದು ತಿಳಿಸುವುದು ಎರಡನೆಯ ಆರ್‌ಎನ್‌ಎ ಪರೀಕ್ಷೆ. ಇದ್ದರೆ ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆ. ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ನಮ್ಮ ಮೇಷ್ಟರೂ ಗುಣವಾದರು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. 1984ರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಪಡೆದಿದ್ದ ನಾನೂ ಪರೀಕ್ಷಿಸಿಕೊಂಡೆ, ಸೋಂಕಿಲ್ಲವೆಂದು ತಿಳಿಯಿತು.

ಈ ರೋಗಕ್ಕೆ ಲಸಿಕೆಯಿಲ್ಲ. ಗುಣವಾದವರಿಗೂ ಮತ್ತೆ ತಗಲಬಹುದು. ಆದ್ದರಿಂದ ಚುಚ್ಚುಮದ್ದಿಗೆ ಹೊಸ ಸೂಜಿ, ಕ್ಷೌರಕ್ಕೆ ಹೊಸ ಬ್ಲೇಡು ಕೇಳಲು ಸಂಕೋಚ ಬೇಡ. ಸಕ್ಕರೆ ಕಾಯಿಲೆಗಾಗಿ ಬೆರಳು ಚುಚ್ಚುವ ಸೂಜಿಯನ್ನು ಗಂಡಹೆಂಡಿರೂ ಹಂಚಿಕೊಳ್ಳಬಾರದು.

ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರಿಗೆ ಈಗ ಐವತ್ತು ದಾಟಿದೆ. ನಿಮ್ಮ ತಂದೆತಾಯಿಯರನ್ನು ಕರೆದುಕೊಂಡು ಹೋಗಿ ಒಮ್ಮೆ ಪರೀಕ್ಷೆ ಮಾಡಿಸಿರಿ. ನೀವೂ ತೋಳು ಚಾಚಿರಿ. ಫಲಿತಾಂಶ ಏನೇ ಬರಲಿ, ಮನೆಯಲ್ಲಿ ಯಾರ ತಟ್ಟೆಯೂ ಬೇರೆಯಾಗದಿರಲಿ.